ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕೇ? ಸಂವಿಧಾನದ ಸಮಾನತೆ ನಮ್ಮ ಪಹಣಿಯನ್ನು ಮುಟ್ಟಿದ್ದು ಯಾವಾಗ?

ಹೇಮಾವತಿ ತೀರ

ಎಲ್ಲರಿಗೂ ನಮಸ್ಕಾರ. ಬರೆಯಲೋ ಬೇಡವೋ ಎಂದು ಒಂದು ವಾರ ತೂಗಿ ನೋಡಿ ಬರೆಯುತ್ತಿದ್ದೇನೆ.

ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮದು ನಾಲ್ಕು ಎಕರೆ. ತಾತನಿಂದ ಅಪ್ಪನಿಗೆ ಬಂದದ್ದು. ಅವ್ವ 1998ರಲ್ಲಿ, ಅಪ್ಪ 2001ರಲ್ಲಿ ತೀರಿಕೊಂಡರು. ಅಪ್ಪ ಮರಣಶಾಸನ ಬರೆದಿರಲಿಲ್ಲ, ಭಾಗವೂ ಆಗಿಲ್ಲ, ಪಹಣಿಯಲ್ಲಿ ಇವತ್ತಿಗೂ ಅವರ ಹೆಸರೇ ಇದೆ. ಮಕ್ಕಳು ನಾವು ನಾಲ್ವರು: ಅಣ್ಣ, ನಾನು, ತಂಗಿ, ತಮ್ಮ. ನನ್ನ ಮದುವೆ ಆದದ್ದು 1991ರಲ್ಲಿ, ತಂಗಿಯದು 1996ರಲ್ಲಿ.

ಹೋದ ವಾರ ಅಣ್ಣ ಫೋನ್ ಮಾಡಿ, "ಪೌತಿ ಖಾತೆ ಮಾಡಿಸಬೇಕು, ನಿನ್ನದೊಂದು ಸಹಿ ಬೇಕು, ಬಂದು ಹೋಗು" ಎಂದರು. ಬರಹಗಾರರ ಹತ್ತಿರ ಬರೆಸಿದ ಕರಡನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಓದಿದರೆ ಅದು ಹಕ್ಕು ಬಿಡುಗಡೆ ಪತ್ರ. ಪೌತಿ ಖಾತೆಯೆಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ. "ಎಲ್ಲರ ಮನೆಯಲ್ಲೂ ಹೆಣ್ಣುಮಕ್ಕಳು ಹಾಕುವುದೇ" ಎಂದರು. ಅಣ್ಣ ಕೆಟ್ಟವರಲ್ಲ. ಗೌರಿ ಹಬ್ಬದ ಬಾಗಿನ ಒಂದು ವರ್ಷವೂ ತಪ್ಪಿಸಿದವರಲ್ಲ.

ನನ್ನ ಮಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಓದುವ ಮೇಜಿನ ಮೇಲಿನ ಗೋಡೆಗೆ ಸಂವಿಧಾನದಲ್ಲಿ ಸಮಾನತೆಯ ಮಾತಾಡುವ 14, 15, 16ನೇ ವಿಧಿಗಳನ್ನು ಬರೆದು ಅಂಟಿಸಿಕೊಂಡಿದ್ದಾಳೆ. ಅದನ್ನು ತೋರಿಸಿ ಅವಳು ಕೇಳಿದ್ದು ಇಷ್ಟೇ: "ಅಮ್ಮ, ಇದು ಜಾರಿಗೆ ಬಂದದ್ದು 1950ರಲ್ಲಿ. ನಿನ್ನ ಮದುವೆ ಆದದ್ದು ನಲವತ್ತೊಂದು ವರ್ಷದ ಮೇಲೆ. ಆಗ ನಿನಗೆ ಮಾವನಷ್ಟೇ ಪಾಲು ಯಾಕಿರಲಿಲ್ಲ?" ನನಗೆ ಉತ್ತರ ಗೊತ್ತಿರಲಿಲ್ಲ. ಇಲ್ಲಿ ತಿಳಿದವರಿದ್ದೀರಿ, ಹೇಳಿ.

ಕಪ್ಪುಕೋಟು

ಮೊದಲು ನಿಮ್ಮ ಪಾಲಿನ ಲೆಕ್ಕ, ಆಮೇಲೆ ಮಗಳ ಪ್ರಶ್ನೆ.

ನಿಮ್ಮ ಮತ್ತು ನಿಮ್ಮ ತಂಗಿಯ ಮದುವೆಯ ನಡುವೆ ಒಂದು ದಿನಾಂಕವಿದೆ: 1994ರ ಜುಲೈ 30. ಅಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. (ಹೆಸರಿನಲ್ಲಿ 1990 ಎಂದಿದೆ, ಜಾರಿಗೆ ಬರುವ ಹೊತ್ತಿಗೆ 1994.) ಹೆಣ್ಣುಮಕ್ಕಳೂ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಸಹದಾಯಾದರು, ಅಂದರೆ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಳ್ಳವರು, ಎಂದು ಅದು ಹೇಳಿತು. ಜೊತೆಗೆ ಒಂದು ಬಾಲ ಅಂಟಿಸಿತು: ಆ ದಿನಕ್ಕಿಂತ ಮೊದಲೇ ಮದುವೆಯಾದ ಮಗಳಿಗೆ ಇದು ಅನ್ವಯಿಸದು.

ಹಾಗಾಗಿ 2001ರಲ್ಲಿ ನಿಮ್ಮ ತಂದೆ ತೀರಿಕೊಂಡಾಗ ಲೆಕ್ಕ ಹೀಗಿತ್ತು. ತಂದೆ, ಇಬ್ಬರು ಗಂಡುಮಕ್ಕಳು, ನಿಮ್ಮ ತಂಗಿ, ಒಟ್ಟು ನಾಲ್ಕು ಪಾಲು. ಅದರಲ್ಲಿ ನೀವಿಲ್ಲ. ತಂದೆಯ ಕಾಲು ಭಾಗವನ್ನು ನಾಲ್ವರು ಮಕ್ಕಳಿಗೆ ಹಂಚಿದಾಗ ಮಾತ್ರ ನಿಮ್ಮ ಹೆಸರು ಬರುತ್ತದೆ. ಒಟ್ಟು ಆಸ್ತಿಯ ಹದಿನಾರನೇ ಒಂದು ಭಾಗ. ನಾಲ್ಕು ಎಕರೆಯೆಂದರೆ 160 ಗುಂಟೆ, ನಿಮಗೆ 10 ಗುಂಟೆ. ನಿಮ್ಮ ಜೊತೆಯಲ್ಲೇ ಬೆಳೆದ ತಂಗಿಗೆ 50.

2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂತು. ಮದುವೆಯ ದಿನಾಂಕದ ಗೋಜು ಅದರಲ್ಲಿಲ್ಲ. ಆದರೆ ತಂದೆ ಅಂದಿಗೆ ಬದುಕಿರಬೇಕೇ ಬೇಡವೇ ಎಂಬ ಹೊಸ ಜಗಳ ಶುರುವಾಯಿತು. ಬದುಕಿರಬೇಕು ಎಂದು 2015ರಲ್ಲಿ ಪ್ರಕಾಶ್ ವಿರುದ್ಧ ಫುಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ದಾನಮ್ಮ ಪ್ರಕರಣದಲ್ಲಿ, 2005ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೂ ಅದೇ ನ್ಯಾಯಾಲಯ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ನಮ್ಮ ಕರ್ನಾಟಕದಿಂದಲೇ ಹೋದ ವ್ಯಾಜ್ಯಗಳು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಬಿಡಿಸಿತು. ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನಿಮ್ಮಲ್ಲಿ ನೋಂದಾಯಿತ ವಿಭಾಗ ಪತ್ರವಾಗಲಿ ನ್ಯಾಯಾಲಯದ ಡಿಕ್ರಿಯಾಗಲಿ ಆಗಿಲ್ಲದಿದ್ದರೆ ನಾಲ್ವರಿಗೂ ಸಮಪಾಲು. ನಿಮ್ಮದು 40 ಗುಂಟೆ, ಪೂರ್ತಿ ಒಂದು ಎಕರೆ.

ಇನ್ನು ಮಗಳ ಪ್ರಶ್ನೆ. 13ನೇ ವಿಧಿಯ ಪ್ರಕಾರ, ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಹಳೆಯ ಕಾನೂನುಗಳು ಸಂವಿಧಾನ ಜಾರಿಯಾದ ದಿನವೇ ಅಷ್ಟರಮಟ್ಟಿಗೆ ಬಿದ್ದುಹೋಗಬೇಕಿತ್ತು. 1951ರಲ್ಲಿ ಬಾಂಬೆ ಹೈಕೋರ್ಟ್ ನರಸು ಅಪ್ಪ ಮಾಳಿ ಪ್ರಕರಣದಲ್ಲಿ, ವೈಯಕ್ತಿಕ ಕಾನೂನು (ಮದುವೆ, ವಾರಸಿಕೆಯಂಥ ವಿಷಯಗಳಲ್ಲಿ ಆಯಾ ಧರ್ಮದವರಿಗೆ ಅನ್ವಯಿಸುವ ಕಾನೂನು) ಆ ವಿಧಿ ಹೇಳುವ "ಕಾನೂನು"ಗಳ ಸಾಲಿಗೆ ಸೇರುವುದಿಲ್ಲ ಎಂದಿತು. ಅಲ್ಲಿಗೆ ಹಿತ್ತಲ ಬಾಗಿಲು ತೆರೆದುಕೊಂಡಿತು. ಮದುವೆ, ವಾರಸಿಕೆ, ಜೀವನಾಂಶದ ಪ್ರಶ್ನೆ ಬಂದಾಗಲೆಲ್ಲ ಸಮಾನತೆ ಹೊಸ್ತಿಲಲ್ಲಿ ನಿಂತಿತು, ವೈಯಕ್ತಿಕ ಕಾನೂನು ನಡುಮನೆಯಲ್ಲಿ ಕುಳಿತಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇನೋ ಸಂಸತ್ತೇ ಮಾಡಿದ್ದು. ಆದರೂ ಅದರ 6ನೇ ಕಲಂ ಗಂಡುಮಕ್ಕಳ ಸಹದಾಯತ್ವವನ್ನು ಹಾಗೆಯೇ ಉಳಿಸಿಕೊಂಡಿತು. ಅದನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಅಳಿಸಲು ಸಂಸತ್ತಿಗೆ ಮತ್ತೆ 49 ವರ್ಷ ಬೇಕಾಯಿತು.

ಬಯಲುಸೀಮೆ

ಕಾನೂನು ಓದಿದವರು ಗುಂಟೆ ಲೆಕ್ಕ ಹಾಕಿ ಕೊಟ್ಟಿದ್ದೀರಿ. ಉಳಿದ ಲೆಕ್ಕವನ್ನು ನಾನು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ನನಗೆ ಮೂವರು ಅಕ್ಕತಂಗಿಯರು. ಮೂವರ ಮದುವೆಗೂ ಹೊಲದ ಮೇಲೆ ಸಾಲ. ಎರಡನೆಯ ಅಕ್ಕನ ಮದುವೆಯ ಸಾಲವನ್ನು ನಾನು ಒಂಬತ್ತು ವರ್ಷ ತೀರಿಸಿದೆ. ಅಪ್ಪನಿಗೆ ಪಾರ್ಶ್ವವಾಯು ಆಗಿ ನಾಲ್ಕು ವರ್ಷ ಹಾಸಿಗೆ ಹಿಡಿದಾಗ ಮೈ ಒರೆಸಿದ್ದು ನನ್ನ ಹೆಂಡತಿ. ಅಕ್ಕತಂಗಿಯರು ಹಣ್ಣು ಹಿಡಿದುಕೊಂಡು ಬಂದರು, ಅತ್ತರು, ಸಂಜೆಯ ಬಸ್ಸಿಗೆ ಹೋದರು. ಊರ ಪಕ್ಕ ಬೈಪಾಸ್ ರಸ್ತೆ ಬರುತ್ತದೆಂದು ಸುದ್ದಿಯಾದ ಮೇಲೆ ಮೂವರಿಗೂ ಸಂವಿಧಾನ ನೆನಪಾಯಿತು. ಇದಕ್ಕೆ ಯಾವ ವಿಧಿಯಲ್ಲಿ ಉತ್ತರವಿದೆ?

ಪಂಚಮಿ

@ಬಯಲುಸೀಮೆ ಅಣ್ಣಾ, ಕೋಪವಿಲ್ಲ. ಆದರೆ ನಿಮ್ಮ ಲೆಕ್ಕದಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ನಿಮ್ಮ ಮಾವನವರ ಮೈಯನ್ನು ಒರೆಸಿದವರು ಯಾರು? ಅವರ ಮಗಳು ನಿಮ್ಮ ಅಪ್ಪನ ಸೇವೆಯಲ್ಲಿದ್ದರು. ನಿಮ್ಮ ಅಕ್ಕತಂಗಿಯರೂ ಹಾಗೆಯೇ ತಮ್ಮ ಅತ್ತೆ ಮಾವಂದಿರ ಸೇವೆಯಲ್ಲಿದ್ದರು. ನಿಮ್ಮ ಹೆಂಡತಿಗೆ ತವರಿನಲ್ಲಿ ಪಾಲು ಕೊಟ್ಟಿದ್ದಾರೆಯೇ? ಕೊಟ್ಟಿಲ್ಲದಿದ್ದರೆ ಆ ನಾಲ್ಕು ವರ್ಷದ ಸೇವೆಯ ಮೇಲೆ ಹೊಲದ ಪಾಲು ಕೇಳುವ ಹಕ್ಕು ಇರುವುದು ಅವರಿಗೆ, ನಿಮಗಲ್ಲ.

ಮದುವೆಯ ಖರ್ಚಿನ ಮಾತೂ ಅಷ್ಟೇ. ಆ ಹಣ ಹೋದದ್ದು ಛತ್ರಕ್ಕೆ, ಊಟಕ್ಕೆ, ಅಳಿಯನ ಕೈಗೆ. 1961ರಿಂದ ವರದಕ್ಷಿಣೆ ಅಪರಾಧ. ಅಪರಾಧಕ್ಕೆ ಖರ್ಚು ಮಾಡಿದ ದುಡ್ಡನ್ನು ಮಗಳ ಪಾಲಿನಲ್ಲಿ ವಜಾ ಮಾಡಿಕೊಳ್ಳುವುದು ಯಾವ ನ್ಯಾಯ?

ಬಯಲುಸೀಮೆ

ಹೆಂಡತಿಯ ಪಾಲಿನ ಮಾತು ನಾಟಿತು. ಅವಳು 2012ರಲ್ಲಿ ಸಹಿ ಹಾಕಿಕೊಟ್ಟಿದ್ದಾಳೆ. ನಾನೇ ಕರೆದುಕೊಂಡು ಹೋಗಿದ್ದೆ.

ಹಳೇ ಗುಮಾಸ್ತ

ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಇಪ್ಪತ್ತೆಂಟು ವರ್ಷ ಕುಳಿತು ಎದ್ದವನು ನಾನು. ಹಕ್ಕು ಬಿಡುಗಡೆ ಪತ್ರ ಎಷ್ಟು ನೋಡಿದ್ದೇನೆಂದರೆ, ಬಾಗಿಲಲ್ಲಿ ಬರುವಾಗಲೇ ಗೊತ್ತಾಗುತ್ತಿತ್ತು. ಮುಂದೆ ಅಣ್ಣ, ಹಿಂದೆ ಹೆಣ್ಣುಮಗಳು, ಅವಳ ಕೈಯಲ್ಲಿ ಬಟ್ಟೆ ಅಂಗಡಿಯ ಕವರು. ಒಳಗೆ ಹೊಸ ಸೀರೆ. ಸಹಿಗೆ ಮೊದಲೇ ಕೊಟ್ಟಿರುತ್ತಿದ್ದರು. ಕಚೇರಿಯಿಂದ ಹೊರಗೆ ಹೋದ ಮೇಲೆ ಹೋಟೆಲಿನಲ್ಲಿ ಮಸಾಲೆ ದೋಸೆ.

ಪತ್ರದಲ್ಲಿ ಒಂದು ಸಾಲು ಕಡ್ಡಾಯವೆಂಬಂತೆ ಇರುತ್ತದೆ: "ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ, ಸ್ವಇಚ್ಛೆಯಿಂದ." ಅದನ್ನು ಓದಿ ಹೇಳಿ "ಒಪ್ಪಿಗೆಯೇನಮ್ಮಾ?" ಎಂದು ಕೇಳುವುದು ವಾಡಿಕೆ. ಹೆಚ್ಚಿನವರು ನನ್ನ ಮುಖ ನೋಡುತ್ತಿರಲಿಲ್ಲ, ಅಣ್ಣನ ಮುಖ ನೋಡಿ ತಲೆಯಾಡಿಸುತ್ತಿದ್ದರು. ಹಣದ ಕಾಲಂ ಬಂದಾಗ "ಅರಿಶಿನ ಕುಂಕುಮದ ಬಾಬ್ತು" ಎಂದು ಒಂದಿಷ್ಟು ಬರೆಸುತ್ತಿದ್ದರು. ಕೈಗೆ ಬರುತ್ತಿತ್ತೋ ಇಲ್ಲವೋ, ನನಗೆ ಕಂಡದ್ದು ಕಾಗದ ಮಾತ್ರ.

ಒಬ್ಬ ಅಜ್ಜಿಯನ್ನು ಮರೆಯಲಾರೆ. ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ತಲೆಗೆ ಒರೆಸಿಕೊಂಡು, "ಇನ್ನು ಮೇಲೆ ನಾನು ಆ ಮನೆಗೆ ನೆಂಟಳಾ, ಮಗಳಾ?" ಎಂದು ಕೇಳಿದಳು. ಕಚೇರಿಯಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕ್ಯಾಮೆರಾದವನು "ಇಲ್ಲಿ ನೋಡಿ ಅಜ್ಜಿ" ಎಂದ.

ಹೇಮಾವತಿ ತೀರ ಅವರೇ, ಪೌತಿ ಖಾತೆಗೆ ಹಕ್ಕು ಬಿಡುಗಡೆ ಬೇಕಾಗಿಲ್ಲ. ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ನಾಲ್ವರ ಹೆಸರಿಗೂ ಜಂಟಿಯಾಗಿ ಮಾಡಿಸಬಹುದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ಮೊದಲು ನೋಡಿ. ಅಲ್ಲೇ ಬಿಟ್ಟುಬಿಡುವವರೂ ಇದ್ದಾರೆ.

ಉಡುಪಿ ಕಡೆಯವನು

ಇಲ್ಲಿ ಎಲ್ಲರೂ ಅಪ್ಪನ ಆಸ್ತಿಯ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಕರಾವಳಿಯ ಅಳಿಯಸಂತಾನದಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಬಂಟರಲ್ಲಿ, ಬಿಲ್ಲವರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಇದ್ದ ಪದ್ಧತಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದ ಕವಲುಗಳಿಗೆ) ಭಾಗ ಕೇಳುವ ಹಕ್ಕು ಕೊಟ್ಟಿತು. 1956ರ ಕಾಯ್ದೆಯಲ್ಲೂ ನಮಗೆಂದೇ 17ನೇ ಕಲಂ ಇದೆ.

ಹಾಗೆಂದು ಅದನ್ನು ಹೆಣ್ಣಿನ ರಾಜ್ಯ ಎಂದು ಹೊಗಳುವವರಿಗೆ ನಮ್ಮ ಅಜ್ಜಿಯ ಮಾತು ಹೇಳಬೇಕು: "ಮನೆ ನನ್ನದು, ಬೀಗದ ಕೈ ಅಣ್ಣನದು." ವಂಶ ಹೆಣ್ಣಿನದಾದರೂ ಯಜಮಾನಿಕೆ ನಡೆಸುತ್ತಿದ್ದವರು ಹೆಚ್ಚಾಗಿ ಸೋದರಮಾವಂದಿರು. ಆದರೂ ಒಂದು ವ್ಯತ್ಯಾಸವಿತ್ತು. ಗಂಡ ಬಿಟ್ಟರೂ ಸತ್ತರೂ ಹೆಣ್ಣುಮಗಳು ತರವಾಡು ಮನೆಗೆ ಬಂದು ಚಾಪೆ ಹಾಸಿದರೆ ಯಾಕೆ ಬಂದೆ ಎಂದು ಯಾರೂ ಕೇಳುವಂತಿರಲಿಲ್ಲ.

ನಡುಮನೆ

ಹಳೇ ಮೈಸೂರಿನವರು 1933ನ್ನೂ ನೆನಪಿಡಬೇಕು. ಹಿಂದೂ ಸ್ತ್ರೀಯರ ಹಕ್ಕುಗಳ ಬಗ್ಗೆ ಮೈಸೂರು ಸಂಸ್ಥಾನ ಆ ವರ್ಷವೇ ಕಾಯ್ದೆ ಮಾಡಿ, ಕುಟುಂಬ ಭಾಗವಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಇಟ್ಟಿತ್ತು. ಗಂಡುಮಕ್ಕಳಿಗೆ ಸಮನಾಗಿ ಅಲ್ಲ, ಆದರೂ ಇಟ್ಟಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿಯ ಹಕ್ಕು ಕೊಡುವ ಕಾಯ್ದೆ ಬಂದದ್ದು 1937ರಲ್ಲಿ. ಹಿಂದೂ ಕಾನೂನು ಸುಧಾರಣೆಗೆ 1941ರಲ್ಲಿ ನೇಮಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಆ ಸಮಿತಿಯ ಕೆಲಸದಿಂದ ಹುಟ್ಟಿದ ಹಿಂದೂ ಸಂಹಿತೆ ಮಸೂದೆಯನ್ನು ದಾಟಿಸಲು ಅಂಬೇಡ್ಕರ್ ಪಟ್ಟ ಪಾಡು ಎಲ್ಲರಿಗೂ ಗೊತ್ತು. 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿ ಪದವಿ ಬಿಡುವುದಕ್ಕೆ ಆ ಮಸೂದೆಯನ್ನು ಕೈಬಿಟ್ಟದ್ದು ಒಂದು ಮುಖ್ಯ ಕಾರಣ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಿಗೆ ಸಮಾನತೆಯನ್ನು ಪುಸ್ತಕದಲ್ಲಿ ಬರೆಯಲು ಸಾಧ್ಯವಾಯಿತು, ಹಿಂದೂ ಮನೆಯ ಪಾಲಿನೊಳಗೆ ತರಲು ಬಿಡಲಿಲ್ಲ. ನಿಮ್ಮ ಮಗಳ ಪ್ರಶ್ನೆಗೆ ನನ್ನ ಉತ್ತರ ಇದು.

ಮಲ್ಲಿಗೆ ಮೊಗ್ಗು

ನಾನು ಮುಸ್ಲಿಂ ಮನೆಯ ಹೆಣ್ಣುಮಗಳು. ನಮ್ಮಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ. ಆ ಅರ್ಧವೂ ಎಷ್ಟು ಮನೆಗಳಲ್ಲಿ ಕೈಗೆ ಬರುತ್ತದೆ ಎಂದು ಕೇಳಬೇಡಿ. 1937ರ ಷರಿಯತ್ ಕಾಯ್ದೆ ಕೃಷಿ ಭೂಮಿಯನ್ನು ಹೊರಗಿಟ್ಟೇ ಬರೆಯಲ್ಪಟ್ಟಿತು. ಹೊಲವಿರುವ ಮನೆಯಲ್ಲಿ ಅದರ ಅರ್ಥ ಏನೆಂದು ನಿಮಗೇ ಗೊತ್ತು.

ಸಮಾನ ನಾಗರಿಕ ಸಂಹಿತೆ ನ್ಯಾಯಾಲಯದಲ್ಲಿ ಜಾರಿ ಮಾಡಬಹುದಾದ ಹಕ್ಕಾಗಬೇಕು ಎಂದು ಸಂವಿಧಾನ ಸಭೆಯ ಸದಸ್ಯರಾದ ಹನ್ಸಾ ಮೆಹ್ತಾ, ಅಮೃತ್ ಕೌರ್, ಮೀನೂ ಮಸಾನಿ ಮೂವರೂ ಭಿನ್ನಮತ ಬರೆದಿದ್ದರು. ಬಹುಮತ ಒಪ್ಪದೆ ಅದು 44ನೇ ವಿಧಿಯಾಗಿ ನಿರ್ದೇಶಕ ತತ್ವಗಳ ಕಪಾಟು ಸೇರಿತು. ಆಗ ಅದು ಹೆಂಗಸರ ಬೇಡಿಕೆಯಾಗಿತ್ತು. ಈಗ ಯಾರಾದರೂ ಆ ಮಾತೆತ್ತಿದರೆ ಬೆರಳು ನೇರವಾಗಿ ನಮ್ಮ ಮನೆಯ ಕಡೆಗೇ ತಿರುಗುತ್ತದೆ. ನನಗೆ ಸಮಪಾಲು ಬೇಕು. ಆದರೆ ನನ್ನ ಪಾಲನ್ನು ನನ್ನ ಅಣ್ಣನನ್ನು ಬಯ್ಯುವ ಕೋಲಾಗಿ ಬಳಸುವವರ ಕೈಯಿಂದ ಬೇಡ.

ಕಪ್ಪುಕೋಟು

@ಮಲ್ಲಿಗೆ ಮೊಗ್ಗು, ಸರಿಯಾದ ಮಾತು. ಹಿಂದೂ ಕಾನೂನು ಪೂರ್ತಿ ಸುಧಾರಿಸಿದೆ ಎಂದು ಬೀಗುವವರು ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಂ ಓದಲಿ. ಮರಣಶಾಸನ ಬರೆಯದೆ ಹಿಂದೂ ಹೆಣ್ಣುಮಗಳು ತೀರಿಕೊಂಡರೆ ಅವಳ ಸ್ವಂತ ದುಡಿಮೆಯ ಆಸ್ತಿ ಮೊದಲು ಗಂಡ ಮತ್ತು ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿ ತಂದೆಯ ಸರದಿ ಆಮೇಲೆ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಮದುವೆಯಾದ ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ಸತ್ತ, ಅತ್ತೆಮನೆಯವರು ಹೊರಗೆ ಹಾಕಿದರು, ತವರಿನವರು ಓದಿಸಿದರು, ಕೆಲಸ ಹಿಡಿದು ದುಡಿದಳು. ಅವಳು ಸತ್ತ ಮೇಲೆ ಆ ದುಡಿಮೆಯೆಲ್ಲ ಹೋದದ್ದು ಹೊರಗೆ ಹಾಕಿದವರಿಗೇ.

ಕ್ರೈಸ್ತರಲ್ಲೂ ಹೀಗೆಯೇ. ತಿರುವಾಂಕೂರಿನ 1916ರ ಕಾಯ್ದೆಯಲ್ಲಿ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಮೇರಿ ರಾಯ್ 1986ರಲ್ಲಿ ಗೆದ್ದರು. ಆದರೆ 14ನೇ ವಿಧಿಯ ಆಧಾರದ ಮೇಲಲ್ಲ, ಆ ಹಳೆಯ ಕಾಯ್ದೆ ಎಂದೋ ರದ್ದಾಗಿದೆ ಎಂಬ ತಾಂತ್ರಿಕ ಕಾರಣದ ಮೇಲೆ. ಸಮಾನತೆಯ ಪ್ರಶ್ನೆಯನ್ನು ನೇರವಾಗಿ ಮುಟ್ಟದೆ ಪಕ್ಕದ ಓಣಿಯಲ್ಲಿ ಹೋಗಿ ನ್ಯಾಯ ಕೊಡುವುದು ನಮ್ಮ ನ್ಯಾಯಾಲಯಗಳ ಹಳೆಯ ಅಭ್ಯಾಸ.

ಕಾಫಿ ಹೂವು

ಪಾಲಿನ ವಿಷಯ ಬಿಟ್ಟು ನೌಕರಿಯ ವಿಷಯಕ್ಕೆ ಬರುತ್ತೇನೆ, ಅಲ್ಲಿ ಸಂವಿಧಾನ ಸ್ವಲ್ಪ ಹೆಚ್ಚು ಕೆಲಸ ಮಾಡಿದೆ. ನಮ್ಮ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಂಡಿದ್ದರು. ಗಂಡಸರಿಂದ ಬರೆಸಿಕೊಂಡಿರಲಿಲ್ಲ. ಬಡ್ತಿ ತಪ್ಪಿಸಿದಾಗ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಚರ್ಮ ಸುಲಿದರು. ಸರ್ಕಾರ ಅಷ್ಟರಲ್ಲಿ ಬಡ್ತಿ ಕೊಟ್ಟಿದ್ದರಿಂದ ಅರ್ಜಿ ವಜಾ ಆಯಿತು, ಅದು ಬೇರೆ ಮಾತು.

ಆದರೆ ಎರಡೇ ವರ್ಷಕ್ಕೆ, 1981ರಲ್ಲಿ, ಗಗನಸಖಿಯರ ಪ್ರಕರಣದಲ್ಲಿ ಅದೇ ನ್ಯಾಯಾಲಯ ಬಸುರಿಯಾದರೆ ಕೆಲಸದಿಂದ ತೆಗೆಯುವ ನಿಯಮವನ್ನು ಹೊಡೆದುಹಾಕಿ, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದು ಎಂಬುದನ್ನು ಮಾತ್ರ ಸರಿ ಎಂದಿತು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

ಪಂಚಮಿ

ಮದುವೆ ಎಂಬ ಶಬ್ದ ನಮ್ಮ ಸರ್ಕಾರಿ ನಿಯಮಗಳಲ್ಲಿ ಎಲ್ಲೆಲ್ಲಿ ಅಡಗಿ ಕುಳಿತಿದೆ ನೋಡಿ. ಕರ್ನಾಟಕದಲ್ಲಿ ಅನುಕಂಪದ ನೌಕರಿಗೆ ಮಗ ಮದುವೆಯಾಗಿದ್ದರೂ ಅರ್ಹ, ಮಗಳು "ಅವಿವಾಹಿತ"ಳಾಗಿರಬೇಕಿತ್ತು. ಆ ಒಂದು ಪದವನ್ನು ಹೈಕೋರ್ಟ್ 2020ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಸಂವಿಧಾನ ಬಂದು ಎಪ್ಪತ್ತು ವರ್ಷದ ಮೇಲೆ!

ನಡುಮನೆ

ರಾಜಕೀಯವನ್ನೂ ಒಂದು ಸಾಲಿನಲ್ಲಿ ಸೇರಿಸುತ್ತೇನೆ. 1987ರಲ್ಲಿ ಮಂಡಲ ಪಂಚಾಯಿತಿಯಲ್ಲಿ ಶೇ. 25 ಸ್ಥಾನ ಹೆಣ್ಣುಮಕ್ಕಳಿಗೆ ಕೊಟ್ಟ ರಾಜ್ಯ ನಮ್ಮದು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಎಂದು 2023ರಲ್ಲಿ ತಂದ ಸಂವಿಧಾನದ 106ನೇ ತಿದ್ದುಪಡಿಗೆ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಎಂಬ ಎರಡು ಗಂಟು ಹಾಕಿದರು. ಈ 1946ರ ಡಿಸೆಂಬರಿನ ವಿಚಿತ್ರವನ್ನೂ ಕೇಳಿ: ನಾವು ಮೀಸಲು ಸ್ಥಾನ ಕೇಳಿಲ್ಲ, ನ್ಯಾಯ ಕೇಳಿದ್ದೇವೆ ಎಂದು ಸಂವಿಧಾನ ಸಭೆಯಲ್ಲಿ ಹೇಳಿದ್ದು ಹನ್ಸಾ ಮೆಹ್ತಾ ಅವರೇ. ನ್ಯಾಯ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಮೀಸಲಾತಿ ಕೇಳುವ ಪ್ರಸಂಗವೂ ಬರುತ್ತಿರಲಿಲ್ಲವೇನೋ.

ಬಯಲುಸೀಮೆ

ನಾನು ಸೋತೆ ಎಂದು ಹೇಳುತ್ತಿಲ್ಲ. ಆದರೆ ಒಂದು ಕೇಳುತ್ತೇನೆ: ಪಾಲಿನ ಜೊತೆ ಸಾಲವೂ ಬರುತ್ತದೆಯೋ ಇಲ್ಲವೋ?

ಕಪ್ಪುಕೋಟು

ಬರುತ್ತದೆ. 2005ರ ತಿದ್ದುಪಡಿಯಲ್ಲೇ ಇದೆ, ಮಗನಿಗಿರುವ ಹೊಣೆಯೆಲ್ಲ ಮಗಳಿಗೂ ಇದೆ. ತಾಯಿ ತಂದೆಯ ಪೋಷಣೆಯ 2007ರ ಕಾಯ್ದೆಯಲ್ಲೂ ಮಗ, ಮಗಳು ಎಂಬ ಭೇದವಿಲ್ಲ. ಭಾಗ ಮಾಡುವಾಗ ಬ್ಯಾಂಕಿನ ಸಾಲದ ಕಾಗದವನ್ನೂ ಮುಂದಿಡಿ, ಯಾರೂ ಬೇಡವೆನ್ನುವುದಿಲ್ಲ.

ಹೇಮಾವತಿ ತೀರ

ಹನ್ನೊಂದು ದಿನದ ಮೇಲೆ ಮತ್ತೆ ಬಂದಿದ್ದೇನೆ. ಉತ್ತರ ಕೊಟ್ಟ ಎಲ್ಲರನ್ನೂ ನೆನೆಯುತ್ತೇನೆ. ಮಗಳಿಗೆ ಪೂರ್ತಿ ಓದಿ ಹೇಳಿದೆ. 1994ರ ಜುಲೈ 30 ಎಂದು ಅವಳು ಗೋಡೆಯ ಹಾಳೆಯಲ್ಲಿ ಬರೆದುಕೊಂಡಳು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ: ಸಹಿ ಹಾಕುವುದಿಲ್ಲ, ನಾಲ್ವರ ಹೆಸರಿಗೂ ಪೌತಿ ಖಾತೆ ಮಾಡಿಸಿ, ಉಳುಮೆ ನೀವೇ ಮಾಡಿ, ಫಸಲು ನೀವೇ ತಿನ್ನಿ, ಹೆಸರು ಮಾತ್ರ ಇರಲಿ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೆಸರು ಯಾಕೆ ಬೇಕು ನಿನಗೆ?" ಎಂದರು. "ನಿಮಗೆ ಯಾಕೆ ಬೇಕೋ ಅದಕ್ಕೇ" ಎಂದೆ. ಫೋನ್ ಇಟ್ಟರು. ಅತ್ತಿಗೆ ಮಾತ್ರ ಆ ರಾತ್ರಿ ಮೆಲ್ಲಗೆ ಕರೆ ಮಾಡಿ, "ನೀನು ಹೇಳಿದ್ದು ಸರಿ, ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡ" ಎಂದರು.

ತೊಂದರೆ ಬೇರೆಯಾಗಿದೆ. ತಂಗಿ ನನಗೆ ಹೇಳದೆ ಮೊನ್ನೆ ಹೋಗಿ ಸಹಿ ಹಾಕಿ ಬಂದಿದ್ದಾಳೆ. ಯಾಕೆ ಎಂದು ಕೇಳಿದರೆ, "ತವರು ಇರಲಿ ಅಕ್ಕ, ನಾನು ಹೋಗಲು ಒಂದು ಮನೆ ಬೇಡವೇ?" ಎಂದಳು. 1994ರಿಂದ ಅವಳಿಗೆ ಪಾಲಿತ್ತು ಎಂಬುದು ಅವಳಿಗೂ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಸೀರೆ ಚೆನ್ನಾಗಿದೆ" ಎಂದಳು.

@ಕಪ್ಪುಕೋಟು, ಅವಳು ಬಿಟ್ಟುಕೊಟ್ಟ ಪಾಲು ನಮ್ಮ ಮೂವರಿಗೂ ಸೇರುತ್ತದೆಯೇ, ಅಣ್ಣ ತಮ್ಮಂದಿರಿಗೆ ಮಾತ್ರವೇ?

ಕಪ್ಪುಕೋಟು

ಪತ್ರ ಯಾರ ಹೆಸರಿಗೆ ಬರೆದಿದೆ ಎಂಬುದರ ಮೇಲೆ ನಿಂತಿದೆ. ಅಣ್ಣ ತಮ್ಮಂದಿರ ಹೆಸರಿಗೆ ಮಾತ್ರ ಇದ್ದರೆ ಅವಳ 40 ಗುಂಟೆ ಅವರಿಬ್ಬರಿಗೇ, ನಿಮ್ಮ 40 ಹಾಗೆಯೇ ಉಳಿಯುತ್ತದೆ. ಅದರಲ್ಲಿ ಬೇರೆ ಏನು ಬರೆದಿದ್ದಾರೆ ಎಂದು ಓದದೆ ಹೇಳಲಾರೆ. ನೋಂದಣಿ ಆಗಿದ್ದರೆ ದೃಢೀಕೃತ ನಕಲು ತೆಗೆಸಿ. ವಂಶವೃಕ್ಷದ ಪ್ರತಿಯನ್ನೂ ಕೇಳಿ.

ಹಳೇ ಗುಮಾಸ್ತ

ಬೆಳಿಗ್ಗೆ ಹತ್ತೂವರೆಗೆ ಮೊದಲೇ ಹೋಗಿ, ಅಮ್ಮಾ. ಮಧ್ಯಾಹ್ನದ ಮೇಲೆ ಸರ್ವರ್ ನಿಲ್ಲುತ್ತದೆ. ಆಧಾರ್ ಮರೆಯಬೇಡಿ.

ಹೇಮಾವತಿ ತೀರ

ಆಗಲಿ. ನಾಳೆ ಐದೂವರೆಯ ಬಸ್ಸಿಗೆ ಹೊರಡುತ್ತೇನೆ. ಮಗಳೂ ಬರುತ್ತೇನೆ ಎನ್ನುತ್ತಿದ್ದಾಳೆ.